ಕ್ಷೌರದ ಕತ್ತಿ ತೀಡಿದ ತೊಗಲು: ರಷ್ಯದ್ದೋ, ಕುದುರೆಯದ್ದೋ?

ಮರದ ನೆರಳಲ್ಲಿ ಕಲ್ಲಿನ ಮೇಲೆ ಕೂತು ಕ್ಷೌರ ಮಾಡಿಸಿಕೊಂಡ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೇ ಇರುತ್ತದೆ. ಕೆನ್ನೆಗೆ ನೀರು ತಟ್ಟಿ, ಮಡಚಿದ ಕತ್ತಿ ಬಿಡಿಸಿ, ತೊಗಲಿನ ಪಟ್ಟಿಯ ಮೇಲೆ ಚಟ್ ಚಟ್ ಎಂದು ಆ ಕಡೆ ಈ ಕಡೆ ತೀಡುವ ಸದ್ದು ಮೊದಲು ಕೇಳುತ್ತಿತ್ತು. ಕತ್ತಿಯ ಬಗ್ಗೆ ಬೇಕಾದಷ್ಟು ಮಾತಾಗಿದೆ. ನಾವು ಈ ಸಲ ಆ ಪಟ್ಟಿಯ ಹಿಂದೆ ಬಿದ್ದೆವು.

ಮೊದಲು ಅದರ ಕೆಲಸ ತಿಳಿಯೋಣ. ಕಲ್ಲು ಕತ್ತಿಯನ್ನು ಸವೆಸಿ ಹರಿತ ಮಾಡುತ್ತದೆ. ತೊಗಲು ಅಷ್ಟು ಸವೆಸುವುದಿಲ್ಲ. ಗಡ್ಡದ ಕೂದಲು ತಾಗಿ ತಾಗಿ ಕತ್ತಿಯ ಬಾಯಿ ಕಣ್ಣಿಗೆ ಕಾಣದಷ್ಟು ವಾಲುತ್ತದೆ, ತೊಗಲು ಅದನ್ನು ನೆಟ್ಟಗೆ ನಿಲ್ಲಿಸಿ ನುಣುಪು ಮಾಡುತ್ತದೆ. ಅದಕ್ಕೇ ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗುವ ಕತ್ತಿ, ತೊಗಲಿನ ಮೇಲೆ ಬೆನ್ನು ಮುಂದಾಗಿ ಹೋಗುತ್ತದೆ. ತುದಿಗೆ ಬಂದಾಗ ಬೆನ್ನಿನ ಮೇಲೇ ಮಗುಚಬೇಕು. ಬಾಯಿಯ ಮೇಲೆ ಮಗುಚಿದರೆ ಪಟ್ಟಿ ಕೊಯ್ದುಹೋಯಿತು ಅಂತಲೇ ಲೆಕ್ಕ. ಪಟ್ಟಿ ಸಡಿಲ ಹಿಡಿದರೆ ಬಾಯಿ ಗುಂಡಗಾಗುತ್ತದೆ. ಯುರೋಪಿನ ಉಳ್ಳವರ ಮನೆಗಳಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದರಂತೆ ಏಳು ಕತ್ತಿಯ ಪೆಟ್ಟಿಗೆ ಇರುತ್ತಿತ್ತು. ಕತ್ತಿಗೂ ವಾರದ ರಜೆ!

ಹಾಗಾದರೆ ಒಳ್ಳೆಯ ಪಟ್ಟಿ ಯಾವುದು? ಇನ್ನೂರು ವರ್ಷ ಹಿಂದೆ ಯುರೋಪಿನಲ್ಲಿ ಕೇಳಿದ್ದರೆ 'ರಷ್ಯದ ತೊಗಲು' ಅನ್ನುತ್ತಿದ್ದರು. ರಷ್ಯದ ಹದಗಾರರು ಮರದ ತೊಗಟೆಯಲ್ಲಿ ತೊಗಲನ್ನು ನಿಧಾನಕ್ಕೆ ಹದ ಮಾಡಿ, ಬರ್ಚ್ ಮರದಿಂದ ಇಳಿಸಿದ ಎಣ್ಣೆ ಉಣಿಸುತ್ತಿದ್ದರು. ಹೊಗೆ ವಾಸನೆಯ ಆ ಎಣ್ಣೆಯಿಂದ ತೊಗಲಿಗೆ ನೀರು ಇಳಿಯುತ್ತಿರಲಿಲ್ಲ, ಹುಳ ಹಿಡಿಯುತ್ತಿರಲಿಲ್ಲ. ಅದು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಸಾಕ್ಷಿ ಸಮುದ್ರದ ತಳದಲ್ಲಿತ್ತು. 1786ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಿಂದ ಇಟಲಿಯ ಜಿನೋವಾಗೆ ಹೊರಟಿದ್ದ 'ಮೆಟ್ಟಾ ಕ್ಯಾಥರೀನಾ' ಎಂಬ ಹಡಗು ಇಂಗ್ಲೆಂಡಿನ ಪ್ಲಿಮತ್ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. 1973ರಲ್ಲಿ ಮುಳುಗುಗಾರರು ಅದನ್ನು ಹುಡುಕಿದಾಗ, ಕೆಸರಿನಲ್ಲಿ ಹೂತಿದ್ದ ಹಿಮಸಾರಂಗದ ತೊಗಲಿನ ಕಟ್ಟುಗಳು ಸಿಕ್ಕವು. ತೊಳೆದು ಒಣಗಿಸಿ ಎಣ್ಣೆ ಕೊಟ್ಟ ಮೇಲೆ ಅದರಲ್ಲಿ ಹೊಸ ಬೂಟು, ಚೀಲ ಹೊಲಿದರು. ಸುಮಾರು ಇನ್ನೂರು ವರ್ಷ ನೀರಿನಡಿ ಇದ್ದ ಸರಕು! ಅದನ್ನು ಹದ ಮಾಡಿದ ಒಬ್ಬನ ಹೆಸರೂ ಆ ಕಥೆಯಲ್ಲಿ ಬರುವುದಿಲ್ಲ.

ಹೆಸರು ಬಂದದ್ದು ಮಾರಿದವರಿಗೆ. ಲಂಡನ್ನಿನ ಜಾರ್ಜ್ ಪ್ಯಾಕ್‌ವುಡ್ ಎಂಬಾತ 1790ರ ದಶಕದಲ್ಲಿ ಕತ್ತಿ ತೀಡುವ ಪಟ್ಟಿ ಮತ್ತು ಅದಕ್ಕೆ ಹಚ್ಚುವ ಪುಡಿಯ ಲೇಪ ಮಾರುತ್ತಿದ್ದ. ಪತ್ರಿಕೆಗಳಲ್ಲಿ ಪದ್ಯ, ಒಗಟು, ಇಬ್ಬರ ಮಾತುಕತೆ, ಹೀಗೆ ಬಗೆಬಗೆಯ ಜಾಹೀರಾತು ಹಾಕಿಸಿದ. 1796ರಲ್ಲಿ ಆ ಜಾಹೀರಾತುಗಳನ್ನೇ ಕೂಡಿಸಿ ಪುಸ್ತಕ ಮಾಡಿ ಅದನ್ನೂ ಮಾರಿದ. ಜಾಹೀರಾತಿನ ಇತಿಹಾಸ ಬರೆಯುವವರು ಇವತ್ತಿಗೂ ಅವನನ್ನು ನೆನೆಯುತ್ತಾರೆ. ಪತ್ರಿಕೋದ್ಯಮ ಓದಿದ ನಮಗೆ ಅವನ ಜಾಣತನ ಕಂಡು ನಗುವೂ ಬಂತು, ಸ್ವಲ್ಪ ಕಸಿವಿಸಿಯೂ ಆಯಿತು. ಮುಂದೆ 'ರಷ್ಯ' ಎಂಬ ಹೆಸರೂ ಹೀಗೇ ಸಂತೆಗೆ ಬಂತು: ಮಾಮೂಲಿ ದನದ ತೊಗಲಿನ ಮೇಲೆ ರಷ್ಯದ ತೊಗಲಿನಂಥ ಚೌಕುಳಿ ಗೆರೆ ಒತ್ತಿ, ಅದೇ ಹೆಸರಿನಲ್ಲಿ ಮಾರತೊಡಗಿದರು.

ಅಮೆರಿಕದಲ್ಲಿ ಮೇಲುಗೈ ಕುದುರೆಯದ್ದು. ಕುದುರೆಯ ಹಿಂಭಾಗದಲ್ಲಿ, ಮೇಲ್ಚರ್ಮದ ಕೆಳಗೆ, ಒತ್ತಾದ ನಾರಿನ ಒಂದು ಪದರ ಇರುತ್ತದೆ. ಒಂದು ಕುದುರೆಯಿಂದ ಎರಡೇ ತುಂಡು ಸಿಗುತ್ತದೆ. ಇದಕ್ಕೆ ಶೆಲ್ ಕಾರ್ಡೋವನ್ ಎಂದು ಹೆಸರು, ಸ್ಪೇನಿನ ಕಾರ್ಡೋಬಾ ಊರಿನಿಂದ ಬಂದದ್ದು. ಹದವಾಗಲು ಆರು ತಿಂಗಳು ಬೇಕು. ದನದ ತೊಗಲು ಕತ್ತಿಯನ್ನು ಒಂದಿಷ್ಟು ಹಿಡಿದು ಬಿಡುತ್ತದೆ. ಎಣ್ಣೆ ಹೆಚ್ಚು ಉಂಡದ್ದಾದರೆ ಇನ್ನೂ ಹಿಡಿಯುತ್ತದೆ. ಕಾರ್ಡೋವನ್ ಮೇಲೆ ಕತ್ತಿ ಗಾಜಿನ ಮೇಲೆ ಜಾರಿದಂತೆ ಹೋಗುತ್ತದೆ. ಹಿಡಿತ ಇದ್ದರೆ ಕೈಗೆ ಕೆಲಸ ತಿಳಿಯುತ್ತದೆ ಎನ್ನುವವರಿದ್ದಾರೆ, ಜಾರಿದರೇ ಚೆಂದ ಎನ್ನುವವರೂ ಇದ್ದಾರೆ. ನಮ್ಮ ಮಟ್ಟಿಗೆ ಪ್ರಾಣಿ ಯಾವುದು ಎಂಬುದಕ್ಕಿಂತ ಹದ ಯಾವುದು ಎಂಬುದೇ ದೊಡ್ಡ ಪ್ರಶ್ನೆ. ತೊಗಟೆಯಲ್ಲಿ ಹದವಾದ ತೊಗಲು ಬಿಗಿಯಾಗಿ ಸಮವಾಗಿ ನಿಲ್ಲುತ್ತದೆ. ಅಮೆರಿಕದಲ್ಲಿ 1884ರಲ್ಲಿ ಪೇಟೆಂಟ್ ಪಡೆದ ಕ್ರೋಮ್ ಹದ ತಿಂಗಳುಗಳ ಕೆಲಸವನ್ನು ದಿನಗಳಿಗೆ ಇಳಿಸಿತು, ಆದರೆ ಆ ತೊಗಲು ಮೆತ್ತಗೆ, ಎಳೆದರೆ ಹಿಗ್ಗುತ್ತದೆ. ಹಿಗ್ಗುವ ಪಟ್ಟಿಯ ಮೇಲೆ ಕತ್ತಿ ಕೆಡುತ್ತದೆ.

ಉಕ್ರೇನಿನಿಂದ ವಲಸೆ ಬಂದ ಐಸಡೋರ್ ಹಾರ್ವೀನ್ 1905ರಲ್ಲಿ ಶಿಕಾಗೋದಲ್ಲಿ ತೊಗಲಿನ ಕಾರ್ಖಾನೆ ತೆರೆದಾಗ, ಅಲ್ಲಿನ ಮುಖ್ಯ ಸರಕೇ ಕ್ಷೌರದ ಪಟ್ಟಿಗೆ ಬೇಕಾದ ಕಾರ್ಡೋವನ್. ಪಾಪ, ಕಾಲ ಸರಿಯಿರಲಿಲ್ಲ. ಜಿಲೆಟ್ ಎಂಬಾತ ಬಿಸಾಡುವ ಬ್ಲೇಡಿನ ರೇಜರನ್ನು 1903ರಲ್ಲಿ ಮಾರಿದ್ದು ಬರೀ 51. ಮರುವರ್ಷ 90 ಸಾವಿರ ದಾಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರ್ ಕೊಂಡಿತು. ಮನೆಗೆ ಮರಳಿದ ಆ ಹುಡುಗರು ಪಟ್ಟಿ ಹಿಡಿಯಲಿಲ್ಲ. ಅತ್ತ ಕಾರು, ಟ್ರ್ಯಾಕ್ಟರ್ ಬಂದು ಕುದುರೆಯೂ ಕಡಿಮೆಯಾಯಿತು. ಹಾರ್ವೀನ್ ಕಾರ್ಖಾನೆ ಬೂಟಿನ ತೊಗಲಿಗೆ, ಆಮೇಲೆ ಅಮೆರಿಕನ್ ಫುಟ್‌ಬಾಲಿನ ಚೆಂಡಿನ ತೊಗಲಿಗೆ ಹೊರಳಿ ಬದುಕಿತು.

ನಮ್ಮ ಕಡೆ ಈ ಕಥೆಗೆ ಬೇರೆ ಮುಖವಿದೆ. ದಕ್ಷಿಣ ಭಾರತದಲ್ಲಿ ತೊಗಲು ಹದ ಮಾಡಲು ತಂಗಡಿ ಗಿಡದ ತೊಗಟೆ ಬಳಸುತ್ತಿದ್ದರು, ಹಾದಿಬದಿಯಲ್ಲಿ ಹಳದಿ ಹೂ ಬಿಡುತ್ತದಲ್ಲ, ಅದೇ. ಹಾಗೆ ಹದವಾದ ತೊಗಲು ಮದ್ರಾಸಿನಿಂದ ಹಡಗೇರಿ ಲಂಡನ್ನಿಗೆ ಹೋಗಿ 'ಈಸ್ಟ್ ಇಂಡಿಯಾ' ಹೆಸರಿನಲ್ಲಿ ಮಾರಾಟವಾಯಿತು. ಮತ್ತೆ ನೋಡಿ, ತೊಗಲು ತುಳಿದವರ ಹೆಸರಲ್ಲ, ಕಂಪನಿಯ ಹೆಸರು! ಊರಿನ ಆಯಗಾರರಲ್ಲಿ ಕ್ಷೌರಿಕನೂ ಇದ್ದ, ತೊಗಲಿನ ಕೆಲಸದವನೂ ಇದ್ದ. ಸುಗ್ಗಿಯಲ್ಲಿ ಇಬ್ಬರಿಗೂ ಕಣದಲ್ಲಿ ಕಾಳು ಅಳೆಯುತ್ತಿದ್ದರು. ಇಬ್ಬರ ಕಸುಬೂ ಕೂಡುತ್ತಿದ್ದುದು ಆ ಪಟ್ಟಿಯಲ್ಲಿ. ಊರೆಲ್ಲ ಕೆನ್ನೆ ಒಡ್ಡಿದ ಕತ್ತಿ ಹರಿತವಾದದ್ದು ಅವನ ತೊಗಲಿನ ಮೇಲೆ, ಅವನ ಮನೆ ಮಾತ್ರ ಊರ ಹೊರಗೇ ಇತ್ತು.

ರಕ್ತದಿಂದ ಹರಡುವ ರೋಗಗಳ ಅರಿವು ಬಂದ ಮೇಲೆ ಅಂಗಡಿಗಳಲ್ಲಿ ಹಳೆ ಕತ್ತಿ ಹೋಗಿ, ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಮುರಿದು ಹಾಕುವ ಹಿಡಿ ಬಂತು. ಅದು ಒಳ್ಳೆಯದೇ ಆಯಿತು. ಅದರ ಜೊತೆ ಪಟ್ಟಿಯೂ ಮೊಳೆಯಿಂದ ಇಳಿಯಿತು.

ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೊಂದು ಪಟ್ಟಿ ಇದ್ದರೆ ಕೊಬ್ಬರಿ ಎಣ್ಣೆ ಸುರಿಯಬೇಡಿ. ಧೂಳು ಒರೆಸಿ, ಒಣಗಿದ ಅಂಗೈಯಿಂದ ದಿನಾ ಸ್ವಲ್ಪ ಹೊತ್ತು ಉಜ್ಜಿ. ಕೈಯ ಬಿಸಿ, ಕೈಯ ಜಿಡ್ಡು ಅದಕ್ಕೆ ಸಾಕು. ಮಡಚಿ ಇಡಬೇಡಿ, ಮಡಿಕೆ ಬಿದ್ದಲ್ಲಿ ಸೀಳುತ್ತದೆ. ನೇತುಹಾಕಿ.