ಸಸ್ಯೋದ್ಯಾನವೆಂಬ ಕಣಜ

ಮೈಸೂರಿನವರಿಗೆ ತೋಟಗಳೇನೂ ಹೊಸವಲ್ಲ. ಸಂಜೆಯ ಗಾಳಿಸೇವನೆಗೆ ಊರೊಳಗೆ ಸ್ಥಳಗಳಿಗೆ ಕೊರತೆಯಿಲ್ಲ. ಊರಿಗೆ ಬಂದ ನೆಂಟರಿಗೆ ಬೃಂದಾವನವನ್ನು ತೋರಿಸದೆ ಕಳುಹಿಸಿಕೊಡುವ ಮನೆಗಳೂ ಅಪರೂಪ. ಹೀಗಿರುವಾಗ, ಊರಿನ ನೈಋತ್ಯದಲ್ಲಿ ಲಿಂಗಾಂಬುಧಿ ಕೆರೆಯ ಮಗ್ಗುಲಿಗೆ ತೋಟಗಾರಿಕೆ ಇಲಾಖೆಯವರು ಸುಮಾರು 15 ಎಕರೆ ನೆಲದಲ್ಲಿ ಒಂದು ಸಸ್ಯೋದ್ಯಾನವನ್ನು ಎಬ್ಬಿಸಿದ್ದಾರೆಂದರೆ, "ಇದೂ ಇನ್ನೊಂದು ಪಾರ್ಕು ತಾನೆ?" ಎಂದು ನೀವು ಕೇಳಬಹುದು. ಅಲ್ಲ. ಪಾರ್ಕಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅದನ್ನು ತಿಳಿದುಕೊಂಡು ಹೋದವರಿಗೆ ಅಲ್ಲಿ ಕಾಣುವುದೇ ಬೇರೆ.

ಪಾರ್ಕಿನಲ್ಲಿ ಗಿಡ ಚೆನ್ನಾಗಿ ಕಂಡರೆ ಸಾಕು. ಸಸ್ಯೋದ್ಯಾನದಲ್ಲಿ ಪ್ರತಿಯೊಂದು ಗಿಡಕ್ಕೂ ಹೆಸರಿರಬೇಕು, ಕುಲ ತಿಳಿದಿರಬೇಕು, ಎಲ್ಲಿಂದ ಬಂದಿತೆಂಬ ದಾಖಲೆ ಇರಬೇಕು. ಹೆಸರಿಗೇಕೆ ಇಷ್ಟು ಪ್ರಾಶಸ್ತ್ಯವೆಂದರೆ ಒಂದು ಉದಾಹರಣೆ ನೋಡಿ. ನಮ್ಮಲ್ಲಿ ಹೊನ್ನೆ ಎಂಬ ಹೆಸರು ಎರಡು ಮರಗಳಿಗೆ ಉಂಟು. ಒಂದು, ಕೆಂಪು ಅಂಟನ್ನು ಒಸರುವ ಕಾಡುಮರ. ಮತ್ತೊಂದು, ಬೀಜದಿಂದ ದೀಪದೆಣ್ಣೆ ತೆಗೆಯುತ್ತಿದ್ದ ಮರ. ಒಂದಕ್ಕೊಂದು ಸಂಬಂಧವಿಲ್ಲ. ಔಷಧಿಗೆಂದು ಹೊನ್ನೆ ತರಹೇಳಿದರೆ ಯಾವುದು ಬರುತ್ತದೋ! ಈ ತೊಡಕನ್ನು ಬಿಡಿಸುವುದಕ್ಕೆಂದೇ ಇಟಲಿಯ ಪಾದುವಾ ನಗರದಲ್ಲಿ 1545ರಲ್ಲಿ ಒಂದು ತೋಟವನ್ನು ಹಾಕಿದರು. ವೈದ್ಯ ಕಲಿಯುವ ವಿದ್ಯಾರ್ಥಿಗಳು ನಿಜವಾದ ಮೂಲಿಕೆಯನ್ನು ಕಣ್ಣಾರೆ ಕಂಡು ಗುರುತಿಸಲಿ ಎಂಬುದು ಅದರ ಉದ್ದೇಶ. ಆ ತೋಟ ಈಗಲೂ ಇದೆ.

ಮುಂದೆ ಈ ತೋಟಗಳ ಕೆಲಸ ಬೆಳೆಯಿತು. 1787ರಲ್ಲಿ ಕಲಕತ್ತೆಯ ಬಳಿ ಹೂಗ್ಲಿ ನದಿಯ ದಂಡೆಯ ಮೇಲೆ ರಾಬರ್ಟ್ ಕಿಡ್ ಎಂಬ ಸೈನ್ಯಾಧಿಕಾರಿಯ ಸಲಹೆಯಂತೆ ತೋಟವೊಂದು ಹುಟ್ಟಿತು. ಬರಗಾಲದಲ್ಲಿ ಜನರ ಹೊಟ್ಟೆಗೆ ಆಗುವ ಗಿಡಗಳನ್ನು ತಂದು ಬೆಳೆಸಬೇಕೆಂಬುದು ಅವನ ಮಾತಾಗಿತ್ತು. ಕಂಪೆನಿಯ ವ್ಯಾಪಾರದ ಲಾಭವೂ ಲೆಕ್ಕದಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇದೇ ಕಾಲಕ್ಕೆ ನಮ್ಮ ಮೈಸೂರು ಸೀಮೆಯಲ್ಲಿ ಏನಾಗುತ್ತಿತ್ತು? ಹೈದರಾಲಿಯು 1760ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಅಡಿಪಾಯ ಹಾಕಿದ್ದನು. ಮಗ ಟಿಪ್ಪುವಿಗೆ ಗಿಡಗಳ ಹುಚ್ಚು ತಂದೆಗಿಂತ ಕಡಿಮೆಯದಲ್ಲ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ಹೋದಾಗ, ಯುದ್ಧಕ್ಕೆ ನೆರವನ್ನು ಕೇಳುವುದರ ಜೊತೆಗೆ ಬೀಜಗಳನ್ನೂ ಗಿಡಗಳನ್ನೂ ತೋಟದ ಕೆಲಸ ಬಲ್ಲವರನ್ನೂ ಕೇಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಆಳುವವರು ಬದಲಾದರು, ಲಾಲ್‌ಬಾಗು ಮಾತ್ರ ಕೈಯಿಂದ ಕೈಗೆ ಸಾಗಿ ಉಳಿದುಕೊಂಡು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು.

ಅಲ್ಲಿ ನಡೆದ ಕೆಲಸ ನಿಮ್ಮ ಅಡಿಗೆಮನೆಯವರೆಗೂ ಬಂದಿದೆ. 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮೆರಾನ್ ಹೊರದೇಶಗಳ ತರಕಾರಿ, ಹಣ್ಣುಗಳನ್ನು ತರಿಸಿ, ಈ ನೆಲಕ್ಕೆ ಹೊಂದುವುದೇ ಎಂದು ಪರೀಕ್ಷಿಸಿ ಹರಡಿದನು. ನಾವು ಕೂಟಿಗೆ ಹಾಕುವ ಸೀಮೆಬದನೆಕಾಯಿ ಹಾಗೆ ಬಂದದ್ದು. ಅದರ ಮೂಲ ಮೆಕ್ಸಿಕೋ ಕಡೆಯ ನಾಡು. ತಮಿಳರ ಬಾಯಲ್ಲಿ ಅದು ಇಂದಿಗೂ ಬೆಂಗಳೂರು ಬದನೆ! ಕ್ಯಾಮೆರಾನನ ತರುವಾಯ ಬಂದ ಜರ್ಮನಿಯ ಕ್ರುಂಬಿಗಲ್ ಕೃಷ್ಣರಾಜಸಾಗರದ ಕೆಳಗಿನ ಬೃಂದಾವನದ ರಚನೆಯಲ್ಲಿ ಕೈಯಿಟ್ಟನು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಸಾಲುಮರಗಳನ್ನು ನೆಡಿಸಿದನು. ಬೇಸಿಗೆಯಲ್ಲಿ ಉರಿಯಂತೆ ಅರಳುವ ಗುಲ್‌ಮೊಹರು ಮಡಗಾಸ್ಕರ್ ದ್ವೀಪದ್ದು. ನೀಲಿ ಹೂವಿನ ಜಕರಂಡ ದಕ್ಷಿಣ ಅಮೆರಿಕದ್ದು. ನಮ್ಮವೇ ಎಂದುಕೊಂಡ ಎಷ್ಟೋ ಮರಗಳು ಹೀಗೆ ನೆಂಟರಾಗಿ ಬಂದು ಮನೆಮಕ್ಕಳಾದವು.

ಇದು ಹಿಂದಿನ ಕಾಲದ ಸಸ್ಯೋದ್ಯಾನದ ಕಥೆ: ಹೊರಗಿನದನ್ನು ತಂದು ಹರಡುವುದು. ಈಗಿನ ಸಸ್ಯೋದ್ಯಾನದ ಕೆಲಸ ಹೆಚ್ಚಾಗಿ ಇದರ ತಿರುವು: ಇಲ್ಲಿಯದನ್ನು ಕಳೆದುಹೋಗದಂತೆ ಕಾಯುವುದು. ಮೈಸೂರಿಗೆ ಈ ಮಾತು ಎಷ್ಟು ಹತ್ತಿರದ್ದೆಂಬುದನ್ನು ವಿಚಾರಿಸಿ ನೋಡೋಣ.

ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ: ಈ ಮೂರೂ ನಮ್ಮ ಹೆಮ್ಮೆ. ಮೂರಕ್ಕೂ ಭೌಗೋಳಿಕ ಗುರುತಿನ ಸರ್ಕಾರಿ ಮಾನ್ಯತೆ ದೊರೆತಿದೆ. ಈ ಮೂರಕ್ಕೂ ಇನ್ನೊಂದು ಸಾಮಾನ್ಯ ಗುಣವಿದೆ. ಅದರ ಕಡೆಗೆ ನಾವು ಗಮನವಿಡುವುದು ಕಡಿಮೆ. ಇವು ಯಾವುವನ್ನೂ ಬೀಜ ಬಿತ್ತಿ ಬೆಳೆಯುವುದಿಲ್ಲ. ಮಲ್ಲಿಗೆಗೆ ಕಡ್ಡಿ ನೆಡಬೇಕು, ಎಲೆಗೆ ಬಳ್ಳಿಯ ತುಂಡು ನೆಡಬೇಕು, ಬಾಳೆಗೆ ಕಂದು ನೆಡಬೇಕು. ರಾಗಿಯ ಬೀಜವನ್ನಾದರೆ ಹಗೇವಿನಲ್ಲಿ ತುಂಬಿಟ್ಟು ಮುಂದೊಂದು ವರ್ಷ ಬಿತ್ತಬಹುದು. ರಸಬಾಳೆಯನ್ನು ಯಾವ ಹಗೇವಿನಲ್ಲಿ ತುಂಬುವುದು? ಅದು ಎಲ್ಲಿಯಾದರೂ ಮಣ್ಣಿನಲ್ಲಿ ಜೀವದಿಂದಿರಬೇಕು. ಇಲ್ಲವೆ ಪ್ರಯೋಗಶಾಲೆಯ ಸೀಸೆಯಲ್ಲಿ ಅಂಗಾಂಶವಾಗಿ ಉಸಿರಾಡುತ್ತಿರಬೇಕು. ಬೆಳೆಯುವವರ ಕೈಯಲ್ಲಿ ಒಮ್ಮೆ ಕೊಂಡಿ ಕಳಚಿದರೆ ಮತ್ತೆ ಜೋಡಿಸುವಂತಿಲ್ಲ.

ಅಪಾಯ ಕೇವಲ ಊಹೆಯದಲ್ಲ. ಕಂದಿನಿಂದ ಕಂದಿಗೆ ಬೆಳೆದ ಬಾಳೆಗಳೆಲ್ಲ ಒಂದೇ ಅಚ್ಚಿನವಾದ್ದರಿಂದ ಒಂದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲುತ್ತದೆ. ಪನಾಮ ಸೊರಗು ರೋಗವೆಂಬ ಬೂಷ್ಟಿನ ಬಾಧೆ ರಸಬಾಳೆಗೆ ಹಾಗೆಯೇ ಬಡಿಯಿತು. ಆ ಬೂಷ್ಟು ಮಣ್ಣಿನಲ್ಲಿ ಸೇರಿತೆಂದರೆ ಹತ್ತಾರು ವರ್ಷ ಉಳಿಯುತ್ತದೆ. ಅದೇ ಹೊಲದಲ್ಲಿ ಮತ್ತೆ ನೆಟ್ಟರೆ ಮತ್ತೆ ಸೊರಗು. ನಂಜನಗೂಡಿನ ಸುತ್ತ ರೈತರು ಒಬ್ಬೊಬ್ಬರಾಗಿ ಆ ಬೆಳೆಯನ್ನು ಬಿಟ್ಟರು. ಅತ್ತ ಮೈಸೂರು ಬೆಳೆದಂತೆ ಊರಂಚಿನ ಎಲೆತೋಟಗಳ ನೆಲಕ್ಕೆ ಮನೆಗಳು ಬಂದವು. ಯಾರನ್ನು ದೂರುವುದು? ರೈತನು ನಷ್ಟದಲ್ಲಿ ಬೆಳೆಯಲಾರ. ಊರಿಗೆ ಮನೆಗಳೂ ಬೇಕು. ಆದ್ದರಿಂದಲೇ, ಲಾಭನಷ್ಟದ ಲೆಕ್ಕವಿಲ್ಲದೆ, ರೋಗವಿಲ್ಲದ ಮಣ್ಣಿನಲ್ಲಿ, ಹೆಸರು ಬರೆದು, ಕಡ್ಡಿ ಕಂದುಗಳನ್ನು ಕಾದಿಡುವ ಒಂದು ಸಾರ್ವಜನಿಕ ಸ್ಥಳ ಬೇಕಾಗುತ್ತದೆ. ಸಸ್ಯೋದ್ಯಾನ ಅಂಥ ಕಣಜವಾಗಬಲ್ಲದು. ನಾವು ಅದರಿಂದ ಕೇಳಬೇಕಾದದ್ದೂ ಅದನ್ನೇ.

ಲಿಂಗಾಂಬುಧಿಯ ನೆರೆ ಈ ಕೆಲಸಕ್ಕೆ ಒಪ್ಪುವ ಜಾಗ. ಈ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದರು. ಕಲ್ಲಿನ ಗೋರಿಯನ್ನಲ್ಲ, ನೀರನ್ನು ನೆನಪಾಗಿ ನಿಲ್ಲಿಸಿದ ಆ ಬುದ್ಧಿಯನ್ನು ಮೆಚ್ಚಬೇಕು. ಕೆರೆಯೆಂಬುದು ಕಟ್ಟಿಬಿಟ್ಟರೆ ಮುಗಿಯುವ ಕೆಲಸವಲ್ಲ. ಹೂಳು ತೆಗೆಯಬೇಕು, ಏರಿ ಕಾಯಬೇಕು, ಕೊಳಚೆ ಸೇರದಂತೆ ನೋಡಬೇಕು. ಸಸ್ಯೋದ್ಯಾನದ ಪಾಡೂ ಅದೇ. ಗಿಡಕ್ಕೆ ನೀರು ತಪ್ಪದೆ ಬೀಳಬೇಕು, ಸತ್ತ ಗಿಡದ ಜಾಗಕ್ಕೆ ಅದೇ ಜಾತಿಯದು ಬರಬೇಕು, ಹೆಸರಿನ ಹಲಗೆ ಅಳಿಸಿದಾಗ ಮತ್ತೆ ಬರೆಯಬೇಕು. ಹೆಸರು ಅಳಿಸಿದ ಸಸ್ಯೋದ್ಯಾನ ಬರಿಯ ಪಾರ್ಕು.

ನೀವು ಹೋಗುವುದಾದರೆ ಬೆಳಗಿನ ತಂಪು ಹೊತ್ತಿನಲ್ಲಿ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನಂತೂ ಬಿಡಬೇಡಿ. ಹಲಗೆಯ ಮೇಲಿನ ಲ್ಯಾಟಿನ್ ಹೆಸರನ್ನು ಹುಡುಗರು ಓದಲಿ; ಆ ಗಿಡಕ್ಕೆ ತಮ್ಮ ಊರಿನಲ್ಲಿ ಏನೆನ್ನುತ್ತಿದ್ದರು, ಯಾವ ನೋವಿಗೆ ಅದರ ರಸ ಹಚ್ಚುತ್ತಿದ್ದರು ಎಂಬುದನ್ನು ಹಿರಿಯರು ಹೇಳಲಿ. ಎರಡೂ ಕೂಡಿದಾಗಲೇ ಗಿಡದ ಪರಿಚಯ ಪೂರ್ತಿಯಾಗುವುದು. ಹಿಂದಿರುಗುವ ಮುನ್ನ ಅಲ್ಲಿಯ ಕೆಲಸಗಾರರನ್ನು ಒಂದು ಮಾತು ಕೇಳಿ: "ನಮ್ಮ ರಸಬಾಳೆಗೆ, ಮಲ್ಲಿಗೆಗೆ, ಚಿಗುರೆಲೆಗೆ ಇಲ್ಲಿ ಎಲ್ಲಿ ಜಾಗ ಕೊಟ್ಟಿದ್ದೀರಿ?" ಬಂದವರೆಲ್ಲ ಇದನ್ನು ಕೇಳುತ್ತಾ ಹೋದರೆ, ಜಾಗ ಆದಲ್ಲಿ ಆರೈಕೆ ಹೆಚ್ಚೀತು, ಆಗದಲ್ಲಿ ಜಾಗ ಆದೀತು.