ಅಹಮದಾಬಾದಿನ ಮಾತ್ರೆ, ವಾಪಿಯ ಲವಣ

ಗುಜರಾತ್ ಎಂದರೆ ನಮಗೆ ಬಟ್ಟೆ, ವಜ್ರ, ಅಮುಲ್. ಆದರೆ ಮನೆಯಲ್ಲಿ ಯಾರಾದರೂ ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಆ ಪಟ್ಟಿಯನ್ನೊಮ್ಮೆ ತಿರುಗಿಸಿ ನೋಡಿ. ಟೊರೆಂಟ್, ಇಂಟಾಸ್, ಸನ್: ಹೀಗೆ ಗುಜರಾತಿನಲ್ಲಿ ಹುಟ್ಟಿದ ಹೆಸರೊಂದು ಕಾಣುವ ಸಾಧ್ಯತೆ ಹೆಚ್ಚು.

ಸ್ಯಾಂಡೋಜ್ ಕಂಪನಿಯಲ್ಲಿ ಮೆಡಿಕಲ್ ರೆಪ್ ಆಗಿದ್ದ ಯು. ಎನ್. ಮೆಹ್ತಾ 1959ರಲ್ಲಿ ಅಹಮದಾಬಾದಿನಲ್ಲಿ ಟ್ರಿನಿಟಿ ಲ್ಯಾಬೊರೇಟರೀಸ್ ಶುರುಮಾಡಿದರು. ಮುಂದೆ ಟೊರೆಂಟ್ ಆದದ್ದು ಅದೇ. ಅವರಿಗೆ ಕೈಹಿಡಿದದ್ದು ಮನೋರೋಗದ ಔಷಧಿ, ಮುಖ್ಯವಾಗಿ ಟ್ರಿನಿಕಾಮ್ ಪ್ಲಸ್. ಒಂದೇ ಮಾತ್ರೆಯಲ್ಲಿ ಎರಡು ಮದ್ದು. ಟ್ರೈಫ್ಲುಒಪೆರಜಿನ್ ಮಿದುಳಿನಲ್ಲಿ ಡೋಪಮಿನ್‌ನ ಸಂದೇಶವನ್ನು ತಡೆಯುತ್ತದೆ. ಇಲ್ಲದ ದನಿ ಕೇಳುವುದು, ವಿಪರೀತ ಸಂಶಯ ತಗ್ಗುತ್ತವೆ. ಆದರೆ ಕೈಕಾಲಿನ ಚಲನೆಗೂ ಡೋಪಮಿನ್ ಬೇಕಲ್ಲ! ಅಲ್ಲಿಯೂ ತಡೆ ಬಿದ್ದಾಗ ಕೈ ನಡುಗುತ್ತದೆ, ಮೈ ಸೆಟೆಯುತ್ತದೆ. ಅದನ್ನು ಸರಿದೂಗಿಸಲು ಜೊತೆಗೆ ಟ್ರೈಹೆಕ್ಸಿಫೆನಿಡಿಲ್. ಇದು ಅಸಿಟೈಲ್‌ಕೊಲಿನ್ ಎಂಬ ಇನ್ನೊಂದು ರಾಸಾಯನಿಕವನ್ನು ತಡೆಯುತ್ತದೆ. ಇದಕ್ಕೂ ಬೆಲೆಯಿದೆ: ಬಾಯಿ ಒಣಗುವುದು, ಮಲಬದ್ಧತೆ, ಮರೆವು. ಎಲ್ಲರಿಗೂ ಮುನ್ನೆಚ್ಚರಿಕೆಯೆಂದು ಇದನ್ನು ಕೊಡುತ್ತಾ ಹೋಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1990ರಲ್ಲಿ ಹೇಳಿದರು. ಜೋಡಿ ಮಾತ್ರೆ ರೋಗಿಗೆ ಅನುಕೂಲ, ನಿಜ. ವೈದ್ಯರ ಕೈಯಿಂದ ಒಂದು ಆಯ್ಕೆಯನ್ನು ಅದು ಕಸಿಯುತ್ತದೆ ಎಂಬುದೂ ನಿಜ.

ಮನೋರೋಗವನ್ನೇ ಹಿಡಿಯುವುದರಲ್ಲಿ ಧರ್ಮಕಾರ್ಯ ಹುಡುಕಬೇಕಿಲ್ಲ, ವ್ಯಾಪಾರದ ಲೆಕ್ಕವೂ ಸರಿಹೊಂದುತ್ತಿತ್ತು. ಮನೋವೈದ್ಯರು ಕೆಲವೇ ಮಂದಿ. ಅವರನ್ನು ಕಾಣಲು ರೆಪ್‌ಗಳ ದಂಡು ಬೇಡ. ರೋಗಿಯೋ ಔಷಧಿಯನ್ನು ವರ್ಷಗಟ್ಟಲೆ ಕೊಳ್ಳುತ್ತಾನೆ. ದಿಲೀಪ್ ಸಾಂಘ್ವಿ 1983ರಲ್ಲಿ ಸೂರತ್‌ನ ದಕ್ಷಿಣಕ್ಕಿರುವ ವಾಪಿಯಲ್ಲಿ ಸನ್ ಫಾರ್ಮಾ ಆರಂಭಿಸಿದ್ದೂ ಐದು ಮನೋರೋಗದ ಔಷಧಿಗಳಿಂದ. ಹತ್ತು ವರ್ಷಕ್ಕೆ ವಡೋದರಾದಲ್ಲಿ ಕಂಪನಿಯ ಸಂಶೋಧನಾ ಕೇಂದ್ರ ಎದ್ದಿತು. 1970ರ ಪೇಟೆಂಟ್ ಕಾಯ್ದೆ ಇಂಥವರಿಗೆ ದಾರಿ ಮಾಡಿತ್ತು: ಔಷಧಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ.

ಸನ್‌ನ ಮೊದಲ ಔಷಧಿಗಳಲ್ಲೊಂದಾದ ಲಿಥಿಯಂಗೆ ಆ ಕಾಯ್ದೆಯೂ ಬೇಕಿರಲಿಲ್ಲ. ಅದು ಬರೀ ಲವಣ. ಮೂಲಧಾತುವಿಗೆ ಯಾರು ಪೇಟೆಂಟ್ ಪಡೆದಾರು? ಉನ್ಮಾದವನ್ನು ಅದು ಶಮನ ಮಾಡುತ್ತದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲೇ ಬರೆದಿದ್ದರು. ಜೀವಕೋಶದೊಳಗಿನ ಕೆಲವು ಕಿಣ್ವಗಳನ್ನು ಅದು ನಿಧಾನಗೊಳಿಸುತ್ತದೆ. ಮನಸ್ಸು ಸಮಸ್ಥಿತಿಗೆ ಬರುವುದು ಅದರಿಂದಲೇ ಎಂಬುದು ಇವತ್ತಿಗೂ ಪೂರ್ತಿ ಸಾಬೀತಾಗಿಲ್ಲ. ಗೊತ್ತಿರುವುದು ಅಳತೆ. ಒಂದು ಲೀಟರ್ ರಕ್ತರಸದಲ್ಲಿ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು, 1.5 ದಾಟಿದರೆ ವಿಷ.

ಗುಜರಾತಿನ ಮಾತ್ರೆಗಳು ಅಂಗಡಿ ಸೇರುತ್ತಿದ್ದ ಅದೇ ದಶಕದಲ್ಲಿ, 1985ರಿಂದ, ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಬೆರಳೆಣಿಕೆಯ ಔಷಧಿಗಳಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡುವುದನ್ನು ಕಲಿಸಿದರು. 1996ರಲ್ಲಿ ಅದೇ ದೇಶಕ್ಕೆ ಮಾದರಿಯಾಯಿತು. ಅಗ್ಗದ ಮಾತ್ರೆಯಿಲ್ಲದೆ ಇದು ಸಾಧ್ಯವಿರಲಿಲ್ಲ. ಆದರೆ ಲಿಥಿಯಂ ನುಂಗುವವರಿಗೆ ಮಾತ್ರೆಯಷ್ಟೇ ಸಾಲದು. ಬಳ್ಳಾರಿಯ ಬಿಸಿಲಿಗೆ ಬೆವರಿ ಬಸವಳಿದರೆ, ಎರಡು ದಿನ ವಾಂತಿಭೇದಿಯಾದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಮಾತ್ರೆ ಊರಿನ ಅಂಗಡಿಗೆ ಬಂದಿದೆ; ಆ ಮಟ್ಟ ಅಳೆಯಲು ಹಳ್ಳಿಯವರು ಇನ್ನೂ ಬಸ್ಸು ಹತ್ತಬೇಕು.