ಬಣ್ಣದ ಮೈ: ಯುದ್ಧೋತ್ತರ ಲಂಡನ್ನಿನ ಚಿತ್ರಕಲೆಯಲ್ಲಿ ಮನುಷ್ಯದೇಹ

1945ರ ಏಪ್ರಿಲ್‌ನಲ್ಲಿ ಲಂಡನ್ನಿನ ಲೆಫೆವ್ರ್ ಗ್ಯಾಲರಿಯಲ್ಲಿ ಚಿತ್ರಕಾರ ಫ್ರಾನ್ಸಿಸ್ ಬೇಕನ್‌ನ ಮೂರು ಫಲಕಗಳ ಕೃತಿಯೊಂದು ಪ್ರದರ್ಶನಗೊಂಡಿತು. ಶಿಲುಬೆಯ ಬುಡದಲ್ಲಿರುವ ಆಕೃತಿಗಳ ಚಿತ್ರ ಅದು. ಉರಿಯುವ ಕಿತ್ತಳೆ ಹಿನ್ನೆಲೆ. ಹಾವಿನಂತೆ ಚಾಚಿದ ಕತ್ತು. ಕಣ್ಣಿಗೆ ಬಟ್ಟೆ ಕಟ್ಟಿದ ತಲೆಯಲ್ಲಿ ಹಲ್ಲು ತೋರುವ ಬಾಯಿ. ಅದೇ ತಿಂಗಳ 15ರಂದು ಬ್ರಿಟಿಷ್ ಸೇನೆ ಬರ್ಗನ್-ಬೆಲ್ಸನ್ ನಾಜಿ ಶಿಬಿರವನ್ನು ಹೊಕ್ಕಿತು. ಹೆಣಗಳ ರಾಶಿಯ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಅಂದಿನಿಂದ ಈ ಎರಡನ್ನೂ ಜೋಡಿಸಿ, ಬೇಕನ್‌ನ ವಿಕಾರ ದೇಹಗಳನ್ನು ಯುದ್ಧದ ನೇರ ಪ್ರತಿಬಿಂಬವೆಂದು ಓದುವುದು ರೂಢಿಯಾಯಿತು.

ಕಾಲಾನುಕ್ರಮ ಈ ಓದನ್ನು ಒಪ್ಪುವುದಿಲ್ಲ. ಕೃತಿ ರೂಪುಗೊಂಡದ್ದು 1944ರ ಸುಮಾರಿಗೆ. ಅದರ ಬೇರುಗಳು ಇನ್ನೂ ಹಿಂದಿನವು: ಎಸ್ಕಿಲಸ್‌ನ ಗ್ರೀಕ್ ನಾಟಕಗಳ ಸೇಡಿನ ದೇವತೆಯರು, 1920ರ ದಶಕದ ಕೊನೆಯಲ್ಲಿ ಪಿಕಾಸೊ ಬರೆದ ಕಡಲತೀರದ ಆಕೃತಿಗಳು. ಬೇಕನ್ 1933ರಲ್ಲೇ ಶಿಲುಬೆಯ ವಸ್ತುವನ್ನು ಎತ್ತಿಕೊಂಡಿದ್ದ. ಯುದ್ಧದ ಗಾಳಿ ಅವನಿಗೆ ತಾಗಲಿಲ್ಲವೆಂದಲ್ಲ. ಆದರೆ ಮುರಿದ ಮೈಯ ರೂಪ ಮೊದಲೇ ಅವನ ಕೈಯಲ್ಲಿತ್ತು. ನೋಡುಗರ ಕಣ್ಣನ್ನು ಅದಕ್ಕೆ ಅಣಿಗೊಳಿಸಿದ್ದು ಯುದ್ಧ.

ಆದ್ದರಿಂದ ದೇಹದ ಈ ಚರಿತ್ರೆಯನ್ನು ಕ್ಯಾನ್ವಾಸಿನ ನೇಯ್ಗೆಯಲ್ಲೇ ಹುಡುಕಬೇಕೆಂಬುದು ನನ್ನ ವಾದ. 1940ರ ದಶಕದ ಕೊನೆಯಿಂದ ಬೇಕನ್ ಪ್ರೈಮರ್ ಹಚ್ಚದ ಹಿಂಬದಿಯಲ್ಲಿ ಚಿತ್ರ ಬರೆಯತೊಡಗಿದ. ಒರಟು ಬಟ್ಟೆ ಎಣ್ಣೆಬಣ್ಣವನ್ನು ಹೀರಿಕೊಳ್ಳುತ್ತದೆ. ಬಿದ್ದ ಗೆರೆಯನ್ನು ಕೆರೆದು ತೆಗೆಯಲಾಗದು, ಒರೆಸಿದರೆ ಕಲೆ ಉಳಿಯುತ್ತದೆ. ಅವನ ಮುಖಗಳಲ್ಲಿ ದವಡೆ ಜಾರಿ ಹೋದಂತೆ ಕಾಣುವ ಕಡೆ ನಿಜಕ್ಕೂ ಜಾರಿರುವುದು ಬಣ್ಣ. ಎದುರಿಗೆ ಮನುಷ್ಯರನ್ನು ಕೂರಿಸಿಕೊಳ್ಳುವುದಕ್ಕಿಂತ ಫೋಟೋ ಇಟ್ಟುಕೊಂಡು ಬರೆಯುವುದು ಅವನಿಗೆ ಹಿತವಾಗಿತ್ತು. 1953ರ ‘ಟೂ ಫಿಗರ್ಸ್’ ಕೃತಿಗೆ ಆಧಾರ, ಹತ್ತೊಂಬತ್ತನೆಯ ಶತಮಾನದಲ್ಲಿ ಮೈಬ್ರಿಜ್ ತೆಗೆದ ಕುಸ್ತಿಪಟುಗಳ ಫೋಟೋಗಳು. ಮಲ್ಲರ ಪಟ್ಟು ಇಲ್ಲಿ ಹಾಸಿಗೆಯ ಮೇಲಿನ ಕಾಮವಾಗಿದೆ.

ಆ ಚಿತ್ರ ಬಹುಕಾಲ ಲೂಸಿಯನ್ ಫ್ರಾಯ್ಡ್‌ನ ಬಳಿಯಿತ್ತು. ಇವನ ದಾರಿಯಾದರೋ ತದ್ವಿರುದ್ಧ. ಬರ್ಲಿನ್‌ನಲ್ಲಿ ಹುಟ್ಟಿ 1933ರಲ್ಲಿ ಇಂಗ್ಲೆಂಡಿಗೆ ಬಂದ ಫ್ರಾಯ್ಡ್‌ಗೆ ಎದುರಿಗೆ ಜೀವಂತ ಮನುಷ್ಯ ಇರಲೇಬೇಕು, ಅದೂ ತಿಂಗಳುಗಟ್ಟಲೆ. ಮೊದಮೊದಲು ಕೂತು, ಮೃದುವಾದ ಕುಂಚದಿಂದ ಚರ್ಮವನ್ನು ಗಾಜಿನಷ್ಟು ನಯವಾಗಿ ಬರೆಯುತ್ತಿದ್ದ. 1950ರ ದಶಕದಲ್ಲಿ ಹಂದಿಕೂದಲಿನ ಒರಟು ಕುಂಚ ಹಿಡಿದ, ನಿಂತು ಬರೆಯತೊಡಗಿದ. 1970ರ ದಶಕದಲ್ಲಿ ಸೀಸ ಬೆರೆತ, ತೂಕದ ಕ್ರೆಮ್ನಿಟ್ಸ್ ಬಿಳಿಯನ್ನು ಮೈಬಣ್ಣಕ್ಕೆ ಬಳಸಿದ. 1995ರಲ್ಲಿ ಮುಗಿದ ‘ಬೆನಿಫಿಟ್ಸ್ ಸೂಪರ್‌ವೈಸರ್ ಸ್ಲೀಪಿಂಗ್’ ಚಿತ್ರದಲ್ಲಿ ಸ್ಥೂಲಕಾಯದ ಹೆಂಗಸೊಬ್ಬಳು ಹೂಚಿತ್ತಾರದ ಹಳೆಯ ಸೋಫಾದ ಮೇಲೆ ನಿದ್ದೆಹೋಗಿದ್ದಾಳೆ. ಹೊಟ್ಟೆಯ ಮಡಿಕೆಗಳಲ್ಲಿ ನೀಲಿ, ಹಳದಿ, ಕೆಂಪಿನ ಛಾಯೆಗಳು ಗಂಟುಗಂಟಾಗಿ ಕೂತಿವೆ. ನಗ್ನತೆಯ ಯುರೋಪಿಯನ್ ಪರಂಪರೆ ಚೆಲುವಿನ ಹೆಸರಿನಲ್ಲಿ ಮರೆಮಾಚಿದ ಭಾರವನ್ನು ಈ ಚಿತ್ರ ಗೌರವದಿಂದ ತೂಗಿದೆ ಎಂದೇ ನನಗನಿಸುತ್ತದೆ.

ಇದೇ ಲಂಡನ್ನಿನಲ್ಲಿ 1959ರಿಂದ 1964ರವರೆಗೆ ಇದ್ದ ಭಾರತೀಯ ಚಿತ್ರಕಾರ ತೈಯಬ್ ಮೆಹ್ತಾನ ಉದಾಹರಣೆ ಈ ವಾದಕ್ಕೆ ಒಡ್ಡಬೇಕಾದ ಕಠಿಣ ಪರೀಕ್ಷೆ. 1947ರ ದೇಶವಿಭಜನೆಯ ಗಲಭೆಯಲ್ಲಿ, ಬೊಂಬಾಯಿಯ ಮೊಹಮ್ಮದ್ ಅಲಿ ರಸ್ತೆಯಲ್ಲಿ ಗುಂಪೊಂದು ಒಬ್ಬನನ್ನು ಹೊಡೆದು ಕೊಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಬೇಕನ್‌ನ ಕೃತಿಗಳ ಪ್ರಭಾವವೂ ಅವನ ಮೇಲಾಯಿತು. ಲಂಡನ್ ವರ್ಷಗಳ ಅವನ ಬಣ್ಣ ದಪ್ಪ, ಒರಟು. ಆದರೆ 1968ರಲ್ಲಿ ನ್ಯೂಯಾರ್ಕ್ ಕಂಡುಬಂದ ಮೇಲೆ ಅವನು ಮಾಂಸದ ಭಾರವನ್ನೇ ಕಳಚಿಬಿಟ್ಟ. ಸಪಾಟು ಬಣ್ಣದ ಹರವನ್ನು ಓರೆಗೆರೆಯೊಂದು ಸೀಳುತ್ತದೆ, ಅದರೊಂದಿಗೆ ದೇಹವೂ ಎರಡಾಗುತ್ತದೆ. ಬೇಕನ್‌ನಲ್ಲಿ ರೂಪ ಮೊದಲು ಬಂತು, ಘಟನೆ ಆಮೇಲೆ ಅದಕ್ಕೆ ಅಂಟಿಕೊಂಡಿತು. ಮೆಹ್ತಾನಲ್ಲಿ ಘಟನೆಯೇ ಮೊದಲು. ತನಗೆ ತಕ್ಕ ಗೆರೆ ಸಿಗುವವರೆಗೆ ಅದು ಸುಮಾರು ಎರಡು ದಶಕ ಕಾಯಬೇಕಾಯಿತು.